ಸೋಮಾರಿ ಅನ್ನೋಕೆ ಮುಂಚೆ ದಾರಿ ನೋಡಿ ಅಕ್ಕಾ

ಮುಂಬೈ ಹತ್ರದ ಡೊಂಬಿವಲಿಯ ಅಕ್ಕಾ, ನಮಸ್ಕಾರ. ವಿಜಯಪುರದಿಂದ ಬಂದಿರೋ ನಿಮ್ಮ ತಂಗಿ ಮಗಳಿಗೆ ಭಿವಂಡಿ ಗೋಡೌನಲ್ಲಿ ಬಿಲ್ಲಿಂಗ್ ಕೆಲಸ ಸಿಕ್ಕಿತ್ತು, ಒಂದೇ ತಿಂಗಳಿಗೆ ಬಿಟ್ಟು ಮನೇಲಿ ಕೂತಿದಾಳೆ, ಈಗಿನವರಿಗೆ ಕಷ್ಟಪಡೋ ಮನಸ್ಸೇ ಇಲ್ಲ ಅಂತ ಬರೆದಿದೀರಿ. ಆ ಹುಡುಗೀನ ಹಂಗೆ ಬೈಬೇಡಿ ಅಂತ ಮೊದಲೇ ಕೇಳ್ಕೋತೀನಿ.

ಭಿವಂಡಿ ಹತ್ರ ಅನ್ಸುತ್ತೆ, ಖಾಡಿ, ಅಂದ್ರೆ ಸಮುದ್ರದ ಹಿನ್ನೀರು, ದಾಟಿದ್ರೆ ಬಂತು. ಆದ್ರೆ ನಮ್ಮ ಲೋಕಲ್ ರೈಲು ಅಲ್ಲಿಗೆ ಹೋಗಲ್ವಲ್ಲ. ಭಿವಂಡಿ ರೋಡ್ ಸ್ಟೇಷನ್ ಇರೋದು ದಿವಾ–ವಸಾಯಿ ಲೈನಲ್ಲಿ, ಅಲ್ಲಿ ಓಡೋ ಗಾಡಿಗಳೇ ಕಮ್ಮಿ, ಒಂದು ತಪ್ಪಿದ್ರೆ ಕಾಯೋದೇ ಕೆಲಸ. ಹಂಗಾಗಿ ಕಲ್ಯಾಣಕ್ಕೆ ಹೋಗಿ ಬಸ್ಸೋ ಶೇರ್ ರಿಕ್ಷಾನೋ ಹಿಡೀಬೇಕು, ಇಳಿದ ಮೇಲೆ ಹೈವೇ ಪಕ್ಕದ ಗೋಡೌನಿಗೆ ಇನ್ನೊಂದು ರಿಕ್ಷಾ, ಅದೂ ಟೆಂಪೋ ಟ್ರೇಲರ್ ಸಾಲಲ್ಲಿ ನಿಂತು ನಿಂತು. ಶಿಫ್ಟ್ ಬಿಡೋದು ರಾತ್ರಿ ಹತ್ತಕ್ಕೆ ಅಂತ ನೀವೇ ಬರೆದಿದೀರಿ. ಆ ಹೊತ್ತಲ್ಲಿ ಸೀಟು ತುಂಬೋ ತನಕ ರಿಕ್ಷಾದವ್ರು ಗಾಡಿ ಎತ್ತಲ್ಲ, ಒಬ್ಳೇ ಹುಡುಗಿ ಆ ರೋಡಲ್ಲಿ ನಿಂತಿರ್ಬೇಕು, ಇಡೀ ರಿಕ್ಷಾ ಸ್ಪೆಷಲ್ ಮಾಡ್ಕೊಂಡ್ರೆ ಸಂಬಳದಲ್ಲಿ ಏನು ಉಳೀತು ಹೇಳಿ! ಲೋಕಲ್ ಪಾಸ್ ಅಗ್ಗ ನಿಜ, ಜೇಬು ಖಾಲಿ ಆಗೋದು ಸ್ಟೇಷನ್ ಇಳಿದ ಮೇಲೆ. ಠಾಣೆ–ಭಿವಂಡಿ–ಕಲ್ಯಾಣ ಮೆಟ್ರೋಗೆ ಶಂಕುಸ್ಥಾಪನೆ ಆಗಿದ್ದು 2018ರಲ್ಲಿ, ಅದನ್ನ ನಂಬ್ಕೊಂಡು ಅಷ್ಟು ವರ್ಷ ಯಾವ ಹುಡುಗಿ ಕೆಲಸಕ್ಕೆ ಕಾಯ್ತಾಳೆ.

ಇದಕ್ಕೆ ಉಲ್ಟಾ ನೋಡಿ, 2004ರಲ್ಲಿ ಠಾಣೆಯಿಂದ ನವಿ ಮುಂಬೈಯ ವಾಶಿ ಕಡೆಗೆ ಟ್ರಾನ್ಸ್ ಹಾರ್ಬರ್ ಲೋಕಲ್ ಶುರುವಾಯ್ತು. ಈಗ ಡೊಂಬಿವಲಿಯವ್ರು ಠಾಣೇಲಿ ಇಳಿದು, ಸೇತುವೆ ಹತ್ತಿ, ಒಂಬತ್ತು–ಹತ್ತನೇ ಪ್ಲಾಟ್‌ಫಾರ್ಮಿಗೆ ಹೋದ್ರೆ ಐರೋಲಿ, ರಬಾಲೆ, ಘನ್ಸೋಲಿ ಎಲ್ಲಾ ಒಂದೇ ಗಾಡೀಲಿ. ನೂಕುನುಗ್ಗಲು ಇದ್ದೇ ಇದೆ, ಆದ್ರೆ ಅದೇ ಪಾಸಲ್ಲಿ ಹೋಗಿ ಬರಬಹುದು. ಇಂಟರ್ವ್ಯೂಗಳಿಗೆ ಓಡಾಡೋ ಖರ್ಚೂ ಮೈಮೇಲೆ ಬರಲ್ಲ, ಕೆಲಸ ಇಲ್ಲದವ್ರಿಗೆ ಅದು ಸಣ್ಣ ಮಾತಲ್ಲ ಅಕ್ಕಾ.

ಇನ್ನೊಂದು ವಿಷ್ಯ ಅವಳಿಗೆ ಹೇಳಿ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಪ್ರಕಾರ ರಾತ್ರಿ 9.30ರ ಮೇಲೆ ಹೆಣ್ಣುಮಕ್ಕಳಿಂದ ಕೆಲಸ ಮಾಡಿಸ್ಬೇಕಾದ್ರೆ ಅವರ ಒಪ್ಪಿಗೆ ಬೇಕು, ಮನೆ ಬಾಗಿಲ ತನಕ ಬಿಡೋ ವ್ಯವಸ್ಥೆನೂ ಮಾಲೀಕರದ್ದೇ. ಸಂಬಳ ಎಷ್ಟು ಅಂತ ಕೇಳೋವಾಗ್ಲೇ ಗಾಡಿ ಇದೆಯಾ, ಎಲ್ಲಿ ತನಕ ಬಿಡ್ತೀರಿ ಅಂತ ಕೇಳ್ಲಿ, ನಾಚಿಕೆ ಬೇಡ.

ಅವಳ ಬಯೋಡೇಟಾ ನಮ್ಮ ಆಫೀಸಿಗೆ ಕಳ್ಸಿ. ಐರೋಲಿ, ಮಹಾಪೆ ಕಡೆ ಅಕೌಂಟ್ಸ್ ಕೆಲಸ ಮಾಡೋ ನಮ್ಮ ಓದುಗರು ಇದ್ದಾರೆ, ನಾನೇ ಕೇಳಿ ನೋಡ್ತೀನಿ.

– ಸಂ.