ಬರ್ಲಿನ್‌ನಲ್ಲಿದ್ದೇನೆ, ಒಂದು ದಿನ ಬಿಡುವಿದೆ. ಡ್ರೆಸ್ಡನ್‌ಗೆ ಹೋಗಬಹುದಾ? ಅಲ್ಲಿರುವುದೆಲ್ಲ ಯುದ್ಧದ ನಂತರ ಕಟ್ಟಿದ ಡೂಪ್ಲಿಕೇಟ್ ಅಲ್ವಾ?

ಹೋಗಿ ಬನ್ನಿ. ನೇರ ರೈಲಿನಲ್ಲಿ ಸುಮಾರು 2 ಗಂಟೆ. ಮಂಗಳವಾರ ಮಾತ್ರ ಬೇಡ, ಅರಮನೆ ಮ್ಯೂಸಿಯಂಗೆ ಅವತ್ತು ರಜೆ.

ಡೂಪ್ಲಿಕೇಟ್ ಅಂದಿರಲ್ಲ, ನನಗೆ ಅಲ್ಲಿ ಹಿಡಿಸಿದ್ದೇ ಅದು. ಮೊದಲು ಫ್ರೌಎನ್‌ಕಿರ್ಖೆ ಚರ್ಚಿಗೆ ಹೋಗಿ, ಒಳಗೆ ಕಾಲಿಡುವ ಮುಂಚೆ ಹೊರಗೆ ಒಂದು ಸುತ್ತು ಹಾಕಿ. 1945ರ ಫೆಬ್ರವರಿ 13ರ ರಾತ್ರಿ ಬ್ರಿಟನ್ನಿನ ಬಾಂಬ್ ದಾಳಿ ಶುರುವಾಯಿತು, ಬೆಂಕಿಯಲ್ಲಿ ಬೆಂದ ಚರ್ಚ್ 15ರ ಬೆಳಗ್ಗೆ ಕುಸಿದುಬಿತ್ತು, ಆಮೇಲೆ ಪೂರ್ವ ಜರ್ಮನಿ ಇರುವಷ್ಟು ಕಾಲ ಬರೀ ಕಲ್ಲಿನ ಗುಡ್ಡೆ. 1994ರಲ್ಲಿ ಕಟ್ಟಲು ಶುರು ಮಾಡಿ 2005ರಲ್ಲಿ ಮುಗಿಸಿದರು. ಗೋಡೆಯಲ್ಲಿ ಕಪ್ಪಗಿರುವವು ಆ ಗುಡ್ಡೆಯಿಂದ ಹೆಕ್ಕಿದ ಹಳೇ ಕಲ್ಲುಗಳು. ಬೆಂಕಿಯ ಮಸಿ ಅಂದುಕೊಳ್ಳಬೇಡಿ, ಅಲ್ಲಿನ ಮರಳುಗಲ್ಲು ವರ್ಷ ಕಳೆದಂತೆ ತಾನೇ ಕಪ್ಪಾಗುತ್ತದೆ. ತುದಿಯಲ್ಲಿರುವ ಶಿಲುಬೆ ಬ್ರಿಟನ್ನಿನವರು ಕೊಟ್ಟಿದ್ದು. ಅದನ್ನು ಮಾಡಿದ ಅಕ್ಕಸಾಲಿಯ ತಂದೆ ಅದೇ ದಾಳಿಯಲ್ಲಿ ವಿಮಾನ ಹಾರಿಸಿದ್ದವರು!

ಸುತ್ತಲಿನ ಮನೆಗಳು ಬೇರೆ ಕಥೆ. ಎದುರಿಗೆ ಹಳೇ ಕಾಲದ ವೇಷ, ಹಿಂದೆ ಬಹುಪಾಲು ಕಾಂಕ್ರೀಟ್. ಅಲ್ಲಿ ಕಾಫಿಗೆ ಕೂರಬೇಡಿ, ಸುಮ್ನೆ ದುಡ್ಡು ದಂಡ. ಬದಲಿಗೆ ಹತ್ತಿರದ ಕ್ರೊಯ್ಟ್ಸ್‌ಕಿರ್ಖೆ ಚರ್ಚಿನಲ್ಲಿ ಇಣುಕಿ. ಅಲ್ಲಿ ದಾಳಿಯ ನಂತರ ಒಳಗೋಡೆಗೆ ಒರಟು ಗಾರೆ ಬಳಿದು ಹಾಗೇ ಬಿಟ್ಟಿದ್ದಾರೆ. ಮೊದಲಿನಂತೆಯೇ ಕಟ್ಟಬೇಕಾ, ಗಾಯ ಕಾಣಿಸುವಂತೆ ಬಿಡಬೇಕಾ ಅನ್ನುವ ವಾದದ ಎರಡೂ ಕಡೆ ಕಣ್ಣಿಗೇ ಸಿಗುತ್ತದೆ.

ಮಧ್ಯಾಹ್ನ ಅರಮನೆಯ ಗ್ರೀನ್ ವಾಲ್ಟ್, ಅಂದರೆ ರಾಜರ ಒಡವೆ-ರತ್ನಗಳ ಖಜಾನೆ. ಹಿಸ್ಟಾರಿಕ್ ಭಾಗಕ್ಕೆ ಟಿಕೆಟ್ ಮೊದಲೇ ಬುಕ್ ಮಾಡಬೇಕು, ಟೈಮ್ ಕಮ್ಮಿ ಇದ್ದರೆ ನ್ಯೂ ಭಾಗ ಸಾಕು. ಔರಂಗಜೇಬನ ಹುಟ್ಟುಹಬ್ಬದ ದರ್ಬಾರಿನ ಪುಟ್ಟ ಮಾದರಿ ಅಲ್ಲೇ ಇದೆ! ಡಿಂಗ್ಲಿಂಗರ್ ಅನ್ನುವ ಅಕ್ಕಸಾಲಿ 1701ರಿಂದ 1708ರವರೆಗೆ ಮಾಡಿದ್ದು. ಚಿನ್ನ, ಬೆಳ್ಳಿ, ಸಾವಿರಾರು ವಜ್ರ, ನೂರಕ್ಕೂ ಜಾಸ್ತಿ ಪುಟಾಣಿ ಬೊಂಬೆ. ಭಾರತ ನೋಡದೆ, ಪ್ರವಾಸಿಗರು ಬರೆದದ್ದನ್ನು ನಂಬಿ ಮಾಡಿದ್ದರಿಂದ ಚೀನಾ, ಈಜಿಪ್ಟ್ ಎಲ್ಲ ಕಲಸಿಹೋಗಿದೆ, ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. 41 ಕ್ಯಾರಟ್‌ನ ಹಸಿರು ವಜ್ರವೂ ಇಲ್ಲಿಯದೇ, ಗೋಲ್ಕೊಂಡ ಕಡೆಯ ಗಣಿಯದ್ದು ಎನ್ನುತ್ತಾರೆ.

ಅರಮನೆ ಪಕ್ಕದ ತ್ಸ್ವಿಂಗರ್ ಕಟ್ಟಡದ ಚಿತ್ರ ಗ್ಯಾಲರಿ ಬಿಡಿ ಅಂದರೆ ಕಲೆ ಬಲ್ಲವರು ಬೈಯುತ್ತಾರೆ, ಚಿತ್ರಕಾರ ರಾಫೆಲ್‌ನ ಸಿಸ್ಟೀನ್ ಮಡೋನಾ ಚಿತ್ರ ಇರುವುದು ಅಲ್ಲಿ. ಆದರೂ ಒಂದೇ ದಿನದಲ್ಲಿ ಎರಡು ಮ್ಯೂಸಿಯಂ ಅಂದರೆ ಕಾಲು ಬಿದ್ದುಹೋಗುತ್ತದೆ. ಅಂಗಳ ನೋಡಿ ಬನ್ನಿ ಸಾಕು.

ಸಂಜೆ ಎಲ್ಬೆ ನದಿಯ ಸೇತುವೆ ದಾಟಿ ಆಚೆ ದಡದ ನೋಯ್‌ಸ್ಟಾಟ್ ಕಡೆ ನಡೆಯಿರಿ. ಅದರ ಹೊರಭಾಗಕ್ಕೆ ಬಾಂಬ್ ಅಷ್ಟಾಗಿ ತಾಗಲಿಲ್ಲ, ನಿಜವಾದ ಹಳೇ ಮನೆಗಳು ಬೇಕಿದ್ದರೆ ಅಲ್ಲಿವೆ. ಊಟವೂ ಅಲ್ಲೇ ಮಾಡಿ. ವಾಪಸ್ ಬರುವ ಕೊನೇ ರೈಲು ಎಷ್ಟು ಗಂಟೆಗೆ ಅಂತ ಊಟಕ್ಕೆ ಕೂರುವ ಮುಂಚೆಯೇ ನೋಡಿಕೊಳ್ಳಿ.