ಸಂಪಾದಕರ ಉತ್ತರ: ನಾಯಿಗೂ ಕೋಣೆ ಕೊಡುವ ವಸತಿಗೃಹಗಳು

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ನಾಯಿಯನ್ನು ಕರೆದುಕೊಂಡು ಹೋಗಿ ತಂಗಬಹುದಾದ ಮಲೆನಾಡಿನ ಹೋಂಸ್ಟೇಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನ ನಿಮಗೆ ಬೇಸರ ತಂದಿದೆ. ನಿಮ್ಮ ಕುಟುಂಬ ಬಹಳ ವರ್ಷಗಳಿಂದ ತಂಗುತ್ತಿದ್ದ ಚಿಕ್ಕಮಗಳೂರು ಕಡೆಯ ವಸತಿಗೃಹವೊಂದು ಈಚೆಗೆ ನಾಯಿಗಳನ್ನು ಒಳಗೆ ಬಿಡತೊಡಗಿದೆ. ಬೇಸಿಗೆ ರಜೆಯಲ್ಲಿ ನೀವು ಹೋದಾಗ ಹಾಸಿಗೆಯ ಮೇಲೆ ನಾಯಿಯ ಕೂದಲು ಸಿಕ್ಕಿತು, ಉಬ್ಬಸವಿರುವ ಮೊಮ್ಮಗಳು ರಾತ್ರಿಯಿಡೀ ಕೆಮ್ಮಿದಳು, ಪಕ್ಕದ ಕೋಣೆಯಲ್ಲಿ ಒಂಟಿಯಾಗಿ ಬಿಟ್ಟುಹೋಗಿದ್ದ ನಾಯಿ ಮಧ್ಯಾಹ್ನದಿಂದ ಸಂಜೆಯವರೆಗೆ ಬೊಗಳಿತು. ಕೇಳಿದರೆ ರಿಸೆಪ್ಷನ್‌ನಲ್ಲಿದ್ದವರು, ಈಗ ಇಲ್ಲಿ ನಾಯಿಗಳಿಗೆ ಅನುಮತಿ ಇದೆ, ನಾವೇನೂ ಮಾಡಲಾಗದು ಎಂದು ಕೈಚೆಲ್ಲಿದರು. ನಾಯಿ ಸಾಕುವವರ ಷೋಕಿಗೆ ಉಳಿದವರು ಏಕೆ ದಂಡ ತೆರಬೇಕು, ನಾಯಿಯನ್ನು ಮನುಷ್ಯರ ಸರಿಸಮಕ್ಕೆ ಮಲಗಿಸುವುದು ನಮ್ಮ ಸಂಸ್ಕೃತಿಯೇ, ಇದರ ವಿರುದ್ಧ ಬರೆಯಬೇಕಾದ ನೀವೇ ಪ್ರಚಾರ ಕೊಡುವುದು ಸರಿಯೇ ಎಂದು ಕೇಳಿದ್ದೀರಿ.

ಮೊಮ್ಮಗಳು ಚೇತರಿಸಿಕೊಂಡಿದ್ದಾಳೆ ಎಂದು ಓದಿ ಸಮಾಧಾನವಾಯಿತು. ನೀವು ಹೇಳಿರುವ ತೊಂದರೆಗಳಲ್ಲಿ ಒಂದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ನಾಯಿಗಳಿಗೆ ವಸತಿಗೃಹಗಳ ಬಾಗಿಲು ಮುಚ್ಚಬೇಕೆಂಬ ನಿಮ್ಮ ತೀರ್ಮಾನವನ್ನು ಒಪ್ಪಲಾರೆ. ಆ ವಸತಿಗೃಹದವರು ಫಲಕ ಬದಲಿಸಿದರು, ಕೋಣೆ ಬದಲಿಸಲಿಲ್ಲ. ನಿಮ್ಮ ಮೊಮ್ಮಗಳು ಅನುಭವಿಸಿದ್ದು ಅದರ ಫಲ.

ಷೋಕಿ ಎಂದಿರಿ. ಬೆಂಗಳೂರು, ಮೈಸೂರು, ಧಾರವಾಡದ ಹಳೆಯ ಬಡಾವಣೆಗಳಲ್ಲಿ ಮಕ್ಕಳೆಲ್ಲ ಹೊರದೇಶದಲ್ಲಿ ನೆಲೆಸಿ, ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದಿರುವ ಹಿರಿಯರು ಎಷ್ಟು ಮಂದಿ ಇದ್ದಾರೆ ನೋಡಿ. ಅವರನ್ನು ಬೆಳಿಗ್ಗೆ ಎಬ್ಬಿಸುವುದು, ಸಂಜೆ ಬೀದಿಯ ತುದಿಯವರೆಗೆ ನಡೆಸುವುದು, ಗೇಟಿನ ಸದ್ದಾದರೆ ಎಚ್ಚರಿಸುವುದು ಒಂದು ನಾಯಿ. ನೆಂಟರ ಮನೆಯ ಮದುವೆ ಬಂದರೆ ಇಬ್ಬರಲ್ಲಿ ಒಬ್ಬರು ನಾಯಿಗಾಗಿ ಮನೆಯಲ್ಲೇ ಉಳಿಯುತ್ತಾರೆ. ನಾಯಿಗಳನ್ನು ನೋಡಿಕೊಳ್ಳುವ ಕೇಂದ್ರಗಳು ನಗರಗಳಲ್ಲಿವೆ, ನಿಜ. ದಸರಾ, ದೀಪಾವಳಿಯ ಹೊತ್ತಿಗೆ ಅಲ್ಲಿ ಜಾಗ ಸಿಗುವುದು ಕಷ್ಟ, ಮುದಿ ನಾಯಿಯಾದರೆ ಅಪರಿಚಿತ ಜಾಗದಲ್ಲಿ ಊಟವನ್ನೇ ಬಿಡುತ್ತದೆ. ಇವರಿಗೆ ನಾಯಿಯೊಡನೆ ತಂಗಲು ಒಂದು ಕೋಣೆ ಸಿಗುವುದು ಷೋಕಿಯಲ್ಲ, ವರ್ಷಗಳ ನಂತರ ಜೊತೆಯಾಗಿ ಮನೆಯಿಂದ ಹೊರಬೀಳುವ ಅವಕಾಶ.

ಪ್ರಯಾಣದ ದಾರಿಯೂ ಸ್ವಲ್ಪ ಸ್ವಲ್ಪವಾಗಿ ತೆರೆದುಕೊಂಡಿದೆ. ರೈಲಿನಲ್ಲಿ ಹವಾನಿಯಂತ್ರಿತ ಮೊದಲ ದರ್ಜೆಯ ಇಡೀ ಕೂಪೆಯನ್ನು (ಇಬ್ಬರಿಗಾಗಿ ಇರುವ ಪುಟ್ಟ ಕೋಣೆಯನ್ನು) ಕಾಯ್ದಿರಿಸಿದವರು ನಾಯಿಯನ್ನು ಜೊತೆಯಲ್ಲೇ ಕರೆದೊಯ್ಯಬಹುದು. ಅಷ್ಟು ಹಣ ತೆರಲಾಗದವರು ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿ ಗಾರ್ಡ್ ಬೋಗಿಯ ಪೆಟ್ಟಿಗೆಯಲ್ಲಿ ಬಿಡಬೇಕು. ಆ ಕತ್ತಲೆ ಪೆಟ್ಟಿಗೆಯೊಳಗೆ ನಾಯಿಯನ್ನು ತಳ್ಳಿ ಬಾಗಿಲು ಹಾಕುವಾಗ ಅದು ನೋಡುವ ನೋಟವನ್ನು ಕಂಡವರು ಮತ್ತೆ ಆ ಸಾಹಸಕ್ಕೆ ಹೋಗುವುದಿಲ್ಲ. 2022ರ ನವೆಂಬರ್‌ನಲ್ಲಿ ಆಕಾಸ ಏರ್ ಸಂಸ್ಥೆ, ಬುಟ್ಟಿಯ ತೂಕವೂ ಸೇರಿ 7 ಕಿಲೋ ಮೀರದ ಸಾಕುಪ್ರಾಣಿಗಳನ್ನು ಪ್ರಯಾಣಿಕರ ಜೊತೆಗೇ ವಿಮಾನದೊಳಗೆ ಬಿಡಲು ಆರಂಭಿಸಿತು. ನಮ್ಮ ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಪಡೆದು ನಾಯಿಯನ್ನು ಕರೆದೊಯ್ಯಲು ಅವಕಾಶವಿದೆ. ಇವೆಲ್ಲಕ್ಕಿಂತ ಹೆಚ್ಚಾಗಿ ಸ್ವಂತ ಕಾರು ಬಂದಿದೆ. ಅಮೆರಿಕದಲ್ಲಿಯೂ ಕಾರೇ ಕಾರಣವಾಗಿ ಈ ಬದಲಾವಣೆ ಬಂದದ್ದು: ಹೆದ್ದಾರಿ ಬದಿಯ ಅಗ್ಗದ ಮೋಟೆಲ್ 6 ಸರಣಿ 1962ರಲ್ಲಿ ಆರಂಭವಾದಾಗಿನಿಂದಲೇ ನಾಯಿಗಳನ್ನು ಒಳಗೆ ಬಿಟ್ಟಿತು. ನಾಯಿಗೆ ರೇಷ್ಮೆ ದಿಂಬು ಹಾಕುವ ದುಬಾರಿ ಹೋಟೆಲ್‌ಗಳು ಆಮೇಲೆ ಬಂದವು. ಆದ್ದರಿಂದ ಇದು ಸಿರಿವಂತರಿಂದ ಆರಂಭವಾದ ಚಾಳಿ ಎನ್ನುವಂತಿಲ್ಲ.

ಸಂಸ್ಕೃತಿಯ ಮಾತಿಗೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ನೆನಪಿಸುತ್ತೇನೆ. ಅದರ ಕಾಲ ಕ್ರಿ.ಶ. 949-50. ಯುದ್ಧದಲ್ಲಿ ಗೆದ್ದ ಮಣಲೇರ ಎಂಬ ವೀರ ಗಂಗ ವಂಶದ ಅರಸ ಬೂತುಗನಿಂದ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ದೊಡ್ಡ ಹಂದಿಯೊಂದರೊಡನೆ ಕಾದಾಡಿ, ಹಂದಿಯ ಜೊತೆಗೇ ಸತ್ತಿತು. ಅದಕ್ಕೆ ದೇವಾಲಯದ ಮುಂದೆ ಕಲ್ಲು ನೆಡಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ (ಶೈವ ಅರ್ಚಕನಿಗೆ) ನಾಯಿಯ ಪಾಪ ತಟ್ಟಲಿ ಎಂದು ಬರೆಸಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಮೊಮ್ಮಗಳನ್ನು ಕರೆದುಕೊಂಡು ಹೋಗಿ ತೋರಿಸಿ. ನಾಯಿಯನ್ನು ಹೊಸ್ತಿಲಾಚೆ ಇಟ್ಟ ಮನೆಗಳು ನಮ್ಮಲ್ಲಿವೆ, ಹೀಗೆ ಗೌರವಿಸಿದ ಊರುಗಳೂ ನಮ್ಮಲ್ಲಿವೆ. ಎರಡರಲ್ಲಿ ಒಂದನ್ನು ಮಾತ್ರ ನಮ್ಮ ಸಂಸ್ಕೃತಿ ಎಂದು ಆರಿಸಿಕೊಳ್ಳಲು ಬರುವುದಿಲ್ಲ.

ಈಗ ಮೊಮ್ಮಗಳ ಕೆಮ್ಮಿನ ವಿಚಾರ. ನೀವು ಹಾಸಿಗೆಯ ಮೇಲಿನ ಕೂದಲನ್ನು ಕಂಡು ಗಾಬರಿಯಾದಿರಿ. ನಾಯಿಯಿಂದ ಆಗುವ ಅಲರ್ಜಿಗೆ ಮುಖ್ಯ ಕಾರಣ ಕಣ್ಣಿಗೆ ಕಾಣದ ವಸ್ತು: ಅದರ ಜೊಲ್ಲು, ಮೂತ್ರ ಮತ್ತು ಚರ್ಮದಿಂದ ಉದುರುವ ಹೊಟ್ಟಿನಲ್ಲಿರುವ ಪ್ರೋಟೀನುಗಳು. ಕೂದಲು ಉದುರದ ತಳಿ, ಆದ್ದರಿಂದ ಅಲರ್ಜಿ ಇಲ್ಲ ಎಂದು ಹೇಳುವವರ ಮಾತನ್ನು ನಂಬಬೇಡಿ. ಈ ಪ್ರೋಟೀನುಗಳು ನೆಲಗಂಬಳಿ, ದಪ್ಪ ಪರದೆ, ಸೋಫಾ, ಹಾಸಿಗೆಗಳಲ್ಲಿ ಕೂತರೆ ನಾಯಿ ಹೋದ ಮೇಲೂ ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತವೆ. ಬೆಡ್‌ಶೀಟು ಬದಲಿಸಿ ಪೊರಕೆಯಾಡಿಸಿದರೆ ಹೋಗುವುದಿಲ್ಲ. ಅಂದರೆ ಇವತ್ತು ನಾಯಿ ಮಲಗಿದ ಕೋಣೆಯನ್ನು ನಾಳೆ ಉಬ್ಬಸದ ಮಗುವಿಗೆ ಕೊಡುವ ವಸತಿಗೃಹ ಎಷ್ಟೇ ಗುಡಿಸಿದರೂ ತಪ್ಪಿತಸ್ಥನೇ. ನಾಯಿಗೆಂದು ಕೆಲವು ಕೋಣೆಗಳನ್ನು ಶಾಶ್ವತವಾಗಿ ಬೇರೆ ಇಡಬೇಕು. ಅಲ್ಲಿ ನೆಲಗಂಬಳಿ ಇರಬಾರದು, ರೆಡ್ ಆಕ್ಸೈಡ್ ಅಥವಾ ಟೈಲ್ಸ್ ನೆಲ ಇರಬೇಕು, ಪರದೆ ತೆಳು ಬಟ್ಟೆಯದಾಗಿ ಒಗೆಯುವಂತಿರಬೇಕು, ನೇರ ಹೊರಗೆ ತೆರೆಯುವ ಬಾಗಿಲಿದ್ದರೆ ಇನ್ನೂ ಒಳ್ಳೆಯದು. ಮಲೆನಾಡಿನ ಹಳೆಯ ತೊಟ್ಟಿಮನೆಗಳನ್ನು ಹೋಂಸ್ಟೇ ಮಾಡಿದವರಿಗೆ ಇದು ದೊಡ್ಡ ಖರ್ಚೂ ಅಲ್ಲ.

ನಿಮ್ಮ ಪತ್ರದಲ್ಲಿ ಬಾರದ, ನಾಯಿಪ್ರಿಯರ ಮಾತಿನಲ್ಲೂ ಬಾರದ ಒಬ್ಬರಿದ್ದಾರೆ. ಕೋಣೆ ಗುಡಿಸುವ ಹೆಂಗಸು. ಹತ್ತಿರದ ಹಳ್ಳಿಯಿಂದ ಬೆಳಿಗ್ಗೆ ನಡೆದು ಬಂದು, ಎಡಗೈಯಲ್ಲಿ ಬಕೆಟ್ಟು, ಹೆಗಲ ಮೇಲೆ ಒಗೆದ ಚಾದರ ಹೊತ್ತು ಬಾಗಿಲು ತಟ್ಟುತ್ತಾಳೆ. ಒಳಗಿನಿಂದ ಉತ್ತರವಿಲ್ಲ. ಅತಿಥಿಗಳು ಜಲಪಾತ ನೋಡಲು ಹೋಗಿರಬೇಕು ಎಂದುಕೊಂಡು ಬೀಗ ತೆಗೆಯುತ್ತಾಳೆ. ಮಂಚದ ಕೆಳಗಿನಿಂದ ಹೊರಬರುವ ನಾಯಿಗೆ ಆಕೆ ಕಳ್ಳಿ. ಆಕೆಗೆ ಆ ನಾಯಿ ಎಂಥದ್ದೆಂದು ಗೊತ್ತಿಲ್ಲ. ಅದಕ್ಕೆ ಲಸಿಕೆ ಆಗಿದೆಯೇ ಎಂಬುದು ಆಕೆಗೆ ಯಾರೂ ಹೇಳಿಲ್ಲ. ಕಚ್ಚಿದರೆ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಚುಚ್ಚುಮದ್ದಿನ ಸರಣಿ ಮುಗಿಸಬೇಕು. ಆ ದಿನಗಳ ಕೂಲಿ ಯಾರು ಕೊಡುತ್ತಾರೆ? ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ಕರ್ನಾಟಕ ಸರ್ಕಾರ 2022ರ ಕೊನೆಯಲ್ಲಿ ರೇಬೀಸ್ ಅನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ.

ಹಾಗಾಗಿ ನಾಯಿಗೆ ಅನುಮತಿ ಕೊಡುವ ಯಾವುದೇ ನಿಯಮವನ್ನು ನಾನು ಈ ಹೆಂಗಸಿನ ಕಡೆಯಿಂದ ನೋಡುತ್ತೇನೆ. ನಾಯಿಯನ್ನು ಕೋಣೆಯಲ್ಲಿ ಒಂಟಿಯಾಗಿ ಬಿಡಕೂಡದು ಎಂಬ ಒಂದೇ ಷರತ್ತು ಆಕೆಯನ್ನು ಕಾಪಾಡುತ್ತದೆ. ನಿಮ್ಮ ಆ ಮಧ್ಯಾಹ್ನದ ಬೊಗಳಾಟವನ್ನೂ ಅದೇ ತಡೆಯುತ್ತಿತ್ತು, ಏಕೆಂದರೆ ಹೊಸ ಜಾಗದಲ್ಲಿ ಒಂಟಿಯಾದ ನಾಯಿ ಬೊಗಳುವುದು ಭಯದಿಂದ. ಬಾಗಿಲಿಗೆ ಒಳಗೆ ನಾಯಿ ಇದೆ ಎಂಬ ಕನ್ನಡ ಫಲಕ ತೂಗುಹಾಕುವುದು, ನಾಯಿಯನ್ನು ಹೊರಗೆ ಕರೆದೊಯ್ದ ಮೇಲೆಯೇ ಕೋಣೆ ಗುಡಿಸುವುದು, ರಿಸೆಪ್ಷನ್‌ನಲ್ಲಿ ಆಧಾರ್ ಕಾರ್ಡಿನ ಜೊತೆಗೆ ಲಸಿಕೆ ಪುಸ್ತಕವನ್ನೂ ತೆರೆದು ದಿನಾಂಕ ನೋಡುವುದು, ಇವಕ್ಕೆ ಹಣವೇ ಬೇಡ. ನಾಯಿಗೆಂದು ವಸೂಲು ಮಾಡುವ ಹೆಚ್ಚುವರಿ ಶುಲ್ಕದಲ್ಲಿ ಒಂದು ಪಾಲು ಆ ಕೋಣೆ ಗುಡಿಸುವವರ ಕೈಗೆ ಹೋಗಬೇಕು ಎಂಬುದು ನನ್ನ ಆಗ್ರಹ. ಉಚ್ಚೆ ಒರೆಸುವವರು ಅವರು.

ನಾಯಿಗೂ ಅನ್ಯಾಯವಾಗುತ್ತಿದೆ. ಅನುಮತಿ ಇದೆ ಎಂದು ಜಾಹೀರಾತು ಕೊಟ್ಟು, ಬಂದ ಮೇಲೆ ನಾಯಿ ರಾತ್ರಿ ಹೊರಗಿನ ಗೂಡಿನಲ್ಲೇ ಇರಬೇಕು ಎನ್ನುವ ತೋಟದ ಮನೆಗಳಿವೆ. ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಚಿರತೆ ಓಡಾಡುತ್ತದೆ, ಅದಕ್ಕೆ ನಾಯಿ ಸುಲಭದ ಬೇಟೆ. ಜಗಲಿಯಿಂದಲೇ ನಾಯಿಯನ್ನು ಹೊತ್ತೊಯ್ದ ಕಥೆ ತೋಟದವರನ್ನು ಕೇಳಿದರೆ ಹೇಳುತ್ತಾರೆ. ಅಲ್ಲಿ ಪೇಟೆಯ ನಾಯಿಯನ್ನು ಹೊರಗೆ ಕಟ್ಟಿ ಮಲಗುವುದು ಕ್ರೌರ್ಯ. ಉಣುಗು ಇನ್ನೊಂದು. ಮರುದಿನ ಕಿವಿಯ ಒಳಮೈ, ಬೆರಳ ಸಂದು, ಕೊರಳಪಟ್ಟಿಯ ಅಡಿ ಬೆರಳಾಡಿಸಿ ನೋಡದೆ ಮನೆಗೆ ಕರೆತಂದರೆ ಕೆಲವೇ ವಾರಗಳಲ್ಲಿ ಜ್ವರ, ರಕ್ತಹೀನತೆಯಿಂದ ನಾಯಿ ನೆಲ ಹಿಡಿಯಬಹುದು. ಅಡುಗೆಮನೆಯವರು ಪ್ರೀತಿಯಿಂದ ಕೊಡುವ ತಿಂಡಿಯೂ ಅಪಾಯವೇ: ಕೇಸರಿಬಾತಿನ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು, ದೋಸೆಯ ಪಲ್ಯದ ಈರುಳ್ಳಿ ಅದರ ರಕ್ತಕಣಗಳನ್ನು ಒಡೆಯುತ್ತದೆ. ಇದನ್ನು ಅಡುಗೆಯವರಿಗೆ ಹೇಳಿಕೊಡುವುದೂ ಅನುಮತಿಯ ಭಾಗ.

ಕಾಡಂಚಿನ ವಸತಿಗೃಹಗಳ ವಿಷಯದಲ್ಲಿ ಮಾತ್ರ ನಾನು ನಿಮಗಿಂತಲೂ ಕಠಿಣ. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಕೆಲವೇ ವಾರಗಳಲ್ಲಿ 23 ಸಿಂಹಗಳು ಸತ್ತವು, ಅವುಗಳಲ್ಲಿ ಹಲವದರ ಸಾವಿಗೆ ಕಾರಣವಾದದ್ದು ನಾಯಿಗಳಲ್ಲಿ ಸಾಮಾನ್ಯವಾದ ಡಿಸ್ಟೆಂಪರ್ ವೈರಾಣು. ನಾಗರಹೊಳೆ, ಬಂಡೀಪುರದ ಬೇಲಿಗೆ ತಾಗಿಕೊಂಡಿರುವ ರೆಸಾರ್ಟುಗಳು ನಾಯಿಗಳನ್ನು ಕರೆಯದಿರುವುದೇ ಮೇಲು.

ಕಾನೂನು ಏನು ಹೇಳುತ್ತದೆ ಎಂದು ಕೇಳಿದ್ದೀರಿ. ಬಹುಮತವಿದ್ದರೂ ವಸತಿ ಸಂಘಗಳು ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ ಎಂಬ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯನ್ನು ಕೆಲವರು ಹೋಟೆಲ್‌ಗೂ ಎಳೆದು ತರುತ್ತಾರೆ. ಅದು ಜನ ಮನೆ ಮಾಡಿಕೊಂಡಿರುವ ಕಡೆಗೆ ಸಂಬಂಧಿಸಿದ್ದು. ಹೋಟೆಲಿನವರು ನಾಯಿ ಬೇಡ ಎನ್ನಬಹುದು, ಬರಲಿ ಎನ್ನಲೂಬಹುದು. ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಅಡುಗೆ ಮಾಡುವ, ಬಡಿಸುವ ಜಾಗಕ್ಕೆ ಸಾಕುಪ್ರಾಣಿಗಳು ಬರುವಂತಿಲ್ಲ, ಆದ್ದರಿಂದ ಊಟದ ಕೋಣೆಯಲ್ಲಿ ನಾಯಿ ಕಂಡರೆ ನೀವು ಆಕ್ಷೇಪಿಸಬಹುದು. ದೃಷ್ಟಿಹೀನರ ಮಾರ್ಗದರ್ಶಿ ನಾಯಿಯನ್ನು ಮಾತ್ರ ಈ ಚರ್ಚೆಯಿಂದ ಹೊರಗಿಡಿ. ಅಮೆರಿಕದ 1990ರ ಅಂಗವಿಕಲರ ಕಾಯ್ದೆಯಡಿ ಅದು ಸಾಕುನಾಯಿಯೇ ಅಲ್ಲ, ಹೋಟೆಲಿನವರು ಅದನ್ನು ತಡೆಯುವಂತಿಲ್ಲ, ಅದಕ್ಕೆ ಶುಲ್ಕವನ್ನೂ ಕೇಳುವಂತಿಲ್ಲ. ಅಂಥ ನಾಯಿಯ ಜೊತೆ ಬಂದವರನ್ನು ನಮ್ಮಲ್ಲಿಯೂ ಯಾರೂ ಬಾಗಿಲಲ್ಲಿ ನಿಲ್ಲಿಸಬಾರದು.

ಕೊಟ್ಟ ಹಣವನ್ನು ವಾಪಸು ಕೇಳಬಹುದೇ ಎಂಬ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಾಯಿ ತಂಗಿದ್ದ ಕೋಣೆ ಎಂದು ಮೊದಲೇ ತಿಳಿಸದೆ, ಸ್ವಚ್ಛಗೊಳಿಸದೆ ಕೊಟ್ಟದ್ದನ್ನು ಸೇವಾ ನ್ಯೂನತೆ ಎಂದು ನೀವು ಪ್ರಶ್ನಿಸಬಹುದು. ಮೊದಲು ಮಾಲೀಕರಿಗೆ ಲಿಖಿತವಾಗಿ ಬರೆಯಿರಿ. ರಸೀದಿ, ಹಾಸಿಗೆಯ ಫೋಟೋ, ಮೊಮ್ಮಗಳನ್ನು ತೋರಿಸಿದ ವೈದ್ಯರ ಚೀಟಿಯ ಪ್ರತಿಗಳನ್ನು ಲಗತ್ತಿಸಿ. ಉತ್ತರ ಬಾರದಿದ್ದರೆ 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ, ಅಲ್ಲಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಮುಂದಿನ ಸಲ ಎಲ್ಲಿಗೇ ಹೋದರೂ ಕೋಣೆ ಕಾಯ್ದಿರಿಸುವಾಗಲೇ, ನಾಯಿಗಳಿಗೆ ಬೇರೆ ಕೋಣೆಗಳಿವೆಯೇ, ನಮಗೆ ಕೊಡುವ ಕೋಣೆ ಅವುಗಳಲ್ಲಿ ಒಂದೇ ಎಂದು ಕೇಳಿ. ಉತ್ತರವನ್ನು ಸಂದೇಶದ ರೂಪದಲ್ಲಿ ಬರೆಸಿಕೊಳ್ಳಿ. ತಡವರಿಸಿದರೆ ಬೇರೆ ಜಾಗ ನೋಡಿ.

ಮುಂದಿನ ಸಂಚಿಕೆಯಿಂದ ನಮ್ಮ ಪ್ರವಾಸ ಪುಟದಲ್ಲಿ ಪ್ರತಿ ವಸತಿಗೃಹದ ವಿವರದ ಕೆಳಗೆ ನಾಲ್ಕು ಸಂಗತಿಗಳನ್ನು ಕೊಡುತ್ತೇವೆ: ನಾಯಿಗೆ ಅನುಮತಿ ಉಂಟೇ, ಅದಕ್ಕೆ ಪ್ರತ್ಯೇಕ ಕೋಣೆ ಇದೆಯೇ, ರಾತ್ರಿ ಅದು ಎಲ್ಲಿ ಮಲಗಬೇಕು, ಲಸಿಕೆ ಪುಸ್ತಕ ಕೇಳುತ್ತಾರೆಯೇ. ನಿಮ್ಮ ಊರಿನ ಸುತ್ತಮುತ್ತಲಿನ ವಸತಿಗೃಹಗಳ ಮಾಹಿತಿ ನಿಮಗೆ ಗೊತ್ತಿದ್ದರೆ ಬರೆದು ಕಳುಹಿಸಿ, ವಿಚಾರಿಸಿ ಪ್ರಕಟಿಸುತ್ತೇವೆ.

ಸಂಪಾದಕ