ಕ್ರೂಸ್ ಹಡಗು ಎಷ್ಟು ಚೊಕ್ಕಟ? ನಿಮ್ಮ ಐದು ಪ್ರಶ್ನೆಗಳಿಗೆ ಉತ್ತರ

ನಾನು ಮಂಗಳೂರಿನವನು. ಕ್ರೂಸ್ ಹಡಗುಗಳ ಹೌಸ್‌ಕೀಪಿಂಗ್‌ನಲ್ಲಿ 14 ವರ್ಷ ದುಡಿದು, ಕೊನೆಗೆ ಸ್ವಚ್ಛತೆಯ ಮೇಲ್ವಿಚಾರಕನಾಗಿದ್ದು ಊರಿಗೆ ಮರಳಿದ್ದೇನೆ. ಹಡಗಿನ ಸ್ವಚ್ಛತೆ ಬಗ್ಗೆ ನೀವು ಕಳಿಸಿದ ಪ್ರಶ್ನೆಗಳಲ್ಲಿ ಐದನ್ನು ಈ ಸಲ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಮಗಳು ಅಮೆರಿಕದಲ್ಲಿದ್ದಾಳೆ. ಡಿಸೆಂಬರ್‌ನಲ್ಲಿ ನಮ್ಮಿಬ್ಬರನ್ನೂ ಮಯಾಮಿಯಿಂದ ಹೊರಡುವ ಏಳು ದಿನದ ಕೆರಿಬಿಯನ್ ಕ್ರೂಸ್‌ಗೆ ಕರೆದುಕೊಂಡು ಹೋಗುತ್ತಾಳಂತೆ. ಹಡಗಿನಲ್ಲಿ ನೂರಾರು ಜನಕ್ಕೆ ವಾಂತಿ-ಭೇದಿ ಅಂತ ಸುದ್ದಿ ಓದಿದ ಮೇಲೆ ನನ್ನ ಹೆಂಡತಿಗೆ ಭಯ ಶುರುವಾಗಿದೆ. ಹಡಗು ಸ್ವಚ್ಛ ಇದೆಯೋ ಇಲ್ಲವೋ ಮೊದಲೇ ತಿಳಿಯೋದು ಹೇಗೆ? ಸ್ಯಾನಿಟೈಸರ್ ತೆಗೆದುಕೊಂಡು ಹೋದರೆ ಸಾಕಾ?
– ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಮೇಷ್ಟ್ರೇ, ಮನೆಯಲ್ಲೇ ಕೂತು ತಿಳಿಯಬಹುದು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ಹಡಗುಗಳ ಸ್ವಚ್ಛತೆ ನೋಡಿಕೊಳ್ಳಲೆಂದೇ 1970ರ ದಶಕದಿಂದ ಒಂದು ವಿಭಾಗ ಇಟ್ಟಿದೆ. ಹೊರದೇಶ ಸುತ್ತಿ ಅಮೆರಿಕದ ಬಂದರಿಗೆ ಬರುವ, 13 ಅಥವಾ ಅದಕ್ಕಿಂತ ಜಾಸ್ತಿ ಪ್ರಯಾಣಿಕರನ್ನು ಹೊರುವ ಹಡಗುಗಳೆಲ್ಲ ಅದರ ಲೆಕ್ಕಕ್ಕೆ ಬರುತ್ತವೆ. ಇನ್‌ಸ್ಪೆಕ್ಟರ್‌ಗಳು ಹೇಳದೆ ಕೇಳದೆ ಹಡಗು ಹತ್ತುತ್ತಾರೆ. ನೂರಕ್ಕೆ ಅಂಕ ಕೊಡುತ್ತಾರೆ. 86 ಬಂದರೆ ಪಾಸು, 85 ಬಂದರೆ ಫೇಲು. ಆ ಅಂಕಗಳು ಸಿಡಿಸಿ ವೆಬ್‌ಸೈಟಿನಲ್ಲಿ ಹಡಗಿನ ಹೆಸರಿನ ಜೊತೆ ಸಿಗುತ್ತವೆ. ಮಗಳಿಗೆ ಹೇಳಿ ನೋಡಿಸಿ.

ಅಂಕ ನೋಡಿ ಸುಮ್ಮನಾಗಬೇಡಿ, ಅಂಕ ಎಲ್ಲಿ ಕಳೆದಿದ್ದಾರೆ ಅಂತಲೂ ಓದಿ. ಅಡುಗೆಮನೆಯ ಟೈಲ್ಸ್ ಬಿರುಕು ಬಿಟ್ಟಿದ್ದಕ್ಕೆ ಒಂದು ಅಂಕ ಹೋಗಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಫ್ರಿಜ್ಜಿನಲ್ಲಿ 5 ಡಿಗ್ರಿಗಿಂತ ಕೆಳಗಿರಬೇಕಾದ ಮಾಂಸ ಬೆಚ್ಚಗಿತ್ತು, ಭೇದಿ ಇದ್ದ ಅಡುಗೆಯವನು ಅದನ್ನು ಹೇಳದೆ ಕೆಲಸ ಮಾಡಿದ್ದ ಅಂತ ಬರೆದಿದ್ದರೆ ಬೇರೆ ಹಡಗು ಹುಡುಕಿ ಅನ್ನುತ್ತೇನೆ.

ಇನ್ನು ವಾಂತಿ-ಭೇದಿ ವಿಷಯ. ಹೆಚ್ಚಿನ ಸಲ ಇದಕ್ಕೆ ಕಾರಣ ನೊರೊವೈರಸ್. 1968ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ನಾರ್ವಾಕ್ ಎಂಬ ಊರಿನ ಶಾಲೆಯಲ್ಲಿ ಮಕ್ಕಳಿಗೆ ಬಂದ ಕಾಯಿಲೆ ಇದು, ಹೆಸರೂ ಆ ಊರಿನದ್ದೇ. ಹಡಗಿನಲ್ಲಿ ಹುಟ್ಟಿದ್ದಲ್ಲ. ಆದರೆ ಸುದ್ದಿಯಾಗುವುದು ಹಡಗೇ, ಯಾಕೆಂದರೆ ಅಲ್ಲಿ ಲೆಕ್ಕ ಇಡುತ್ತಾರೆ. ಪ್ರಯಾಣಿಕರಲ್ಲೋ ಸಿಬ್ಬಂದಿಯಲ್ಲೋ ನೂರಕ್ಕೆ 3 ಜನ ಹಡಗಿನ ಡಾಕ್ಟರ ಹತ್ತಿರ ಹೋದರೆ ಸಿಡಿಸಿ ಅದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ. ನಮ್ಮಲ್ಲಿ ಸಾವಿರ ಜನ ಉಂಡ ಮದುವೆಯ ಮಾರನೇ ದಿನ 30 ಜನಕ್ಕೆ ಹೊಟ್ಟೆ ಕೆಟ್ಟರೆ ಯಾರು ಬರೆದಿಡುತ್ತಾರೆ ಹೇಳಿ? ವರದಿಯಾಗುವ ನೊರೊವೈರಸ್ ಹಾವಳಿಗಳಲ್ಲಿ ಹಡಗಿನ ಪಾಲು ನೂರಕ್ಕೆ ಒಂದರಷ್ಟು ಅಂತ ಸಿಡಿಸಿಯೇ ಹೇಳುತ್ತದೆ.

ಹಾಗಂತ ಹಗುರವಾಗಿ ತೆಗೆದುಕೊಳ್ಳುವ ರೋಗವೂ ಅಲ್ಲ. ಕಣ್ಣಿಗೆ ಕಾಣದ ಹತ್ತಾರು ಕಣ ಹೊಟ್ಟೆಗೆ ಹೋದರೆ ಸಾಕು. 12ರಿಂದ 48 ಗಂಟೆಯಲ್ಲಿ ಶುರುವಾಗುತ್ತದೆ, ಒಂದರಿಂದ ಮೂರು ದಿನ ಹಿಂಡಿ ಹಾಕುತ್ತದೆ. ವಯಸ್ಸಾದವರಿಗೆ ಮೈಯಲ್ಲಿ ನೀರು ಕಮ್ಮಿಯಾಗುವುದೇ ದೊಡ್ಡ ಅಪಾಯ.

ಒಂದು ಘಟನೆ ಹೇಳುತ್ತೇನೆ. ನನ್ನ ಪಾಲಿನ ಕ್ಯಾಬಿನ್ ಒಂದರಲ್ಲಿ ಒಬ್ಬ ಹಿರಿಯರಿದ್ದರು, ತುಂಬಾ ಒಳ್ಳೆಯ ಮನುಷ್ಯ. ಎರಡನೇ ದಿನ ಬೆಳಗ್ಗೆ ಅವರ ಬಾತ್‌ರೂಮಿನ ಟವೆಲ್ ಎಲ್ಲ ಒದ್ದೆ, ಕಸದ ಬುಟ್ಟಿಗೆ ಕಟ್ಟಿಟ್ಟ ಚೀಲ. ಕೇಳಿದೆ. "ಏನಿಲ್ಲಪ್ಪ, ಹಡಗು ತೂಗಿದ್ದಕ್ಕೆ ಸ್ವಲ್ಪ ತಲೆ ಸುತ್ತು" ಅಂದರು. ಡಾಕ್ಟರಿಗೆ ಹೇಳಿದರೆ ಕ್ಯಾಬಿನ್‌ನಲ್ಲೇ ಕೂರಿಸುತ್ತಾರೆ, ಕೊಟ್ಟ ದುಡ್ಡು ನೀರಿಗೆ ಹೋಯಿತು ಅನ್ನೋ ಸಂಕಟ ಅವರದ್ದು. ಅವತ್ತು ಮಧ್ಯಾಹ್ನ ಬಫೆಗೆ ಹೋದರು, ಅನ್ನದ ಚಮಚ ಹಿಡಿದರು, ಅದೇ ಚಮಚವನ್ನು ಅವರ ಹಿಂದೆ ಬಂದವರೆಲ್ಲ ಹಿಡಿದರು. ನಾನು ಮೇಲಿನವರಿಗೆ ತಿಳಿಸಿದ್ದು ಸಂಜೆ. ಬೆಳಗ್ಗೆಯೇ ತಿಳಿಸಬೇಕಿತ್ತು, ಆ ಬೇಸರ ನನಗೆ ಇವತ್ತಿಗೂ ಇದೆ. ನಾಲ್ಕನೇ ದಿನದ ಹೊತ್ತಿಗೆ ನಮ್ಮ ಕಾರಿಡಾರ್‌ನಲ್ಲೇ ಹನ್ನೊಂದು ಬಾಗಿಲ ಮುಂದೆ ಊಟದ ಟ್ರೇ ಇಡುತ್ತಿದ್ದೆವು.

ಆದ್ದರಿಂದ ನಿಮ್ಮಿಬ್ಬರಲ್ಲಿ ಯಾರಿಗೇ ಹೊಟ್ಟೆ ಕೆಟ್ಟರೂ ಮೊದಲ ಗಂಟೆಯಲ್ಲೇ ಫೋನ್ ಎತ್ತಿ ಹೇಳಿಬಿಡಿ. ನಾಚಿಕೆ ಬೇಡ. ಹಡಗನ್ನು ಚೊಕ್ಕಟವಾಗಿಡಲು ಪ್ರಯಾಣಿಕರು ಮಾಡಬಹುದಾದ ಅತಿ ದೊಡ್ಡ ಕೆಲಸ ಅದೇ.

ಸ್ಯಾನಿಟೈಸರ್ ಒಂದನ್ನೇ ನಂಬಬೇಡಿ. ಆಲ್ಕೋಹಾಲ್ ಈ ವೈರಸ್ಸಿನ ಮೇಲೆ ಅಷ್ಟಾಗಿ ನಡೆಯುವುದಿಲ್ಲ. ಸೋಪು, ನೀರು, 20 ಸೆಕೆಂಡ್ ಉಜ್ಜು. ಬಫೆಗೆ ಹೋಗುವ ಮುಂಚೆ ತೊಳೆಯಿರಿ. ಬಡಿಸಿಕೊಂಡು ಬಂದು ಕೂತ ಮೇಲೆ, ತಿನ್ನುವ ಮೊದಲು ಇನ್ನೊಂದು ಸಲ ತೊಳೆಯಿರಿ. ನಾವು ಕೈಯಲ್ಲಿ ಕಲಸಿ ಉಣ್ಣುವವರು, ನಮಗಂತೂ ಇದು ಬೇಕೇ ಬೇಕು. ಒಆರ್‌ಎಸ್ ಪೊಟ್ಟಣ ನಾಲ್ಕಾರು ಬ್ಯಾಗಿನಲ್ಲಿರಲಿ.

ಪ್ರಶ್ನೆ: ಮುಂಬೈಯಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗಿದ್ದೆವು. ಬಾಲ್ಕನಿ ಕಂಬಿಯ ಮೇಲೆ ಕಂದು ಕಲೆ, ಹೊರಗೋಡೆಯಲ್ಲಿ ತುಕ್ಕು ಇಳಿದ ಗೆರೆ. ಬಾತ್‌ರೂಮಿನಲ್ಲಿ ಚರಂಡಿ ವಾಸನೆ. ಇಂಥ ಹಡಗು ಸುರಕ್ಷಿತವಾ?
– ಮೈಸೂರಿನ ಓದುಗರು

ಉತ್ತರ: ಕಂಬಿಯ ಕಂದು ಕಲೆಗೆ ಹೆದರಬೇಡಿ. ಸ್ಟೀಲ್ ಮೇಲೆ ಉಪ್ಪಿನ ತೇವ ಕೂತರೆ ಚಹಾ ಚೆಲ್ಲಿದ ಹಾಗೆ ಬಣ್ಣ ಬರುತ್ತದೆ, ಉಜ್ಜಿದರೆ ಹೋಗುತ್ತದೆ. ಸಮುದ್ರದ ಮೇಲೆ ತುಕ್ಕಿನ ಜೊತೆ ಗುದ್ದಾಟ ನಿತ್ಯದ್ದು. ನೀವು ಏಳುವ ಮೊದಲೇ ಡೆಕ್ ಹುಡುಗರು ಕಂಬಿಗಳಿಗೆ ಸಿಹಿನೀರು ಹಾಯಿಸಿ ಉಪ್ಪು ತೊಳೆದಿರುತ್ತಾರೆ. ಬಂದರಿನಲ್ಲಿ ನಿಂತಾಗ ತುಕ್ಕು ಕೆರೆದು ಪೇಂಟ್ ಹೊಡೆಯುತ್ತಾರೆ, ಅದಕ್ಕೆ ಚಿಪ್ಪಿಂಗ್ ಅಂತಾರೆ. ಒಂದು ತುದಿಯಿಂದ ಶುರುಮಾಡಿ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮೊದಲಿನ ಜಾಗ ಮತ್ತೆ ಕೆಂಪಾಗಿರುತ್ತದೆ.

ಗಟ್ಟಿ ತಪಾಸಣೆ ಬೇರೆಯೇ ಇದೆ. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಪ್ರಯಾಣಿಕರ ಹಡಗಿಗೆ ವರ್ಷಕ್ಕೊಮ್ಮೆ ಪೂರ್ತಿ ಸರ್ವೆ ಆಗಬೇಕು, ನೀರೊಳಗಿನ ತಳಭಾಗವನ್ನು ಐದು ವರ್ಷದಲ್ಲಿ ಎರಡು ಸಲವಾದರೂ ನೋಡಬೇಕು. ಹಡಗನ್ನು ಡ್ರೈ ಡಾಕ್‌ಗೆ, ಅಂದರೆ ನೀರಿಲ್ಲದ ದುರಸ್ತಿ ಕಟ್ಟೆಗೆ, ಎತ್ತಿದಾಗ ತಳಕ್ಕೆ ಅಂಟಿದ ಚಿಪ್ಪುಹುಳ, ಪಾಚಿ ಕೆರೆದು ಹೊಸ ಬಣ್ಣ ಹಚ್ಚುತ್ತಾರೆ. ಕಾರ್ಪೆಟ್, ಹಾಸಿಗೆ, ಬಾತ್‌ರೂಮಿನ ದುರಸ್ತಿಯೂ ಸಾಮಾನ್ಯವಾಗಿ ಆಗಲೇ. ಹಾಗಾಗಿ ಟಿಕೆಟ್ ತೆಗೆಯುವ ಮೊದಲು "ಕೊನೇ ಡ್ರೈ ಡಾಕ್ ಯಾವಾಗ ಆಯ್ತು" ಅಂತ ಕೇಳಿ.

ನಾನು ಪ್ರಯಾಣಿಕನಾಗಿ ಹತ್ತಿದರೆ ನೋಡುವುದು ಲೈಫ್‌ಬೋಟ್ ತೂಗುಹಾಕಿದ ತಂತಿ ಮತ್ತು ಕೊಕ್ಕೆ, ಬೆಂಕಿ ತಡೆಯುವ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದಾ ಅನ್ನೋದು, ಮೆಟ್ಟಿಲ ದಾರಿಯಲ್ಲಿ ಸಾಮಾನು ಪೇರಿಸಿದ್ದಾರಾ ಅನ್ನೋದು. ಅಲ್ಲಿ ಅಸಡ್ಡೆ ಕಂಡರೆ ದೂರು ಕೊಡಿ.

ಬಾತ್‌ರೂಮಿನ ವಾಸನೆಗೆ ಸುಲಭ ಉಪಾಯ ಇದೆ. ನೆಲದ ಜಾಲರಿಯ ಕೆಳಗೆ ಬಾಗಿದ ಪೈಪಿನಲ್ಲಿ ಸ್ವಲ್ಪ ನೀರು ನಿಂತಿರಬೇಕು, ಅದೇ ವಾಸನೆಗೆ ಮುಚ್ಚಳ. ಖಾಲಿ ಬಿದ್ದ ಕ್ಯಾಬಿನ್‌ನಲ್ಲಿ ಆ ನೀರು ಆರಿಹೋಗುತ್ತದೆ. ಎರಡು ಚೊಂಬು ನೀರು ಸುರಿದು ಅರ್ಧ ಗಂಟೆ ಕಾಯಿರಿ. ಆಮೇಲೂ ವಾಸನೆ ಬಂದರೆ ಕ್ಯಾಬಿನ್ ನೋಡಿಕೊಳ್ಳುವ ಸ್ಟುವರ್ಡ್‌ಗೆ ಹೇಳಿ.

ಪ್ರಶ್ನೆ: ಹಡಗಿನಲ್ಲಿ ಕುಡಿಯುವ ನೀರು ಸಮುದ್ರದ್ದೇ ಅಂತೆ, ನಿಜವಾ? ಈಜುಕೊಳ, ಬಿಸಿನೀರಿನ ಟಬ್ ಮಕ್ಕಳಿಗೆ ಒಳ್ಳೆಯದಾ?
– ಧಾರವಾಡದಿಂದ ಒಬ್ಬ ತಾಯಿ

ಉತ್ತರ: ನಿಜ. ಬಂದರಿನಲ್ಲಿ ತುಂಬಿಸಿಕೊಳ್ಳುವುದೂ ಉಂಟು, ಆದರೆ ದೊಡ್ಡ ಹಡಗುಗಳು ಹೆಚ್ಚಿನ ನೀರನ್ನು ತಾವೇ ಮಾಡಿಕೊಳ್ಳುತ್ತವೆ. ಇಂಜಿನ್ನಿನ ಬಿಸಿಯಿಂದ ಸಮುದ್ರದ ನೀರನ್ನು ಆವಿ ಮಾಡಿ ತಣಿಸುತ್ತಾರೆ, ಅಥವಾ ನಮ್ಮ ಮನೆಯ ಆರ್‌ಒ ಥರವೇ ಸೋಸುತ್ತಾರೆ. ದಡದ ಹತ್ತಿರದ ಕೊಳಕು ನೀರನ್ನು ಇದಕ್ಕೆ ಬಳಸುವ ಹಾಗಿಲ್ಲ. ಆಮೇಲೆ ಖನಿಜ, ಕ್ಲೋರಿನ್ ಸೇರಿಸುತ್ತಾರೆ. ಕ್ಯಾಬಿನ್ ನಲ್ಲಿಯಲ್ಲಿ ಬರುವುದೂ ಅದೇ ನೀರು, ಕುಡಿಯಬಹುದು. ಬಾಟಲಿ ತುಂಬಿಸುವಾಗ ಬಾಯಿ ಹಾಕಿದ ಬಾಟಲಿಯನ್ನು ಬಫೆಯ ನಲ್ಲಿಗೆ ತಾಗಿಸಬೇಡಿ, ಲೋಟದಲ್ಲಿ ಹಿಡಿದು ಸುರಿದುಕೊಳ್ಳಿ.

ಈಜುಕೊಳಕ್ಕಿಂತ ಬಿಸಿ ಟಬ್ಬಿನ ಮೇಲೆ ನನಗೆ ಜಾಸ್ತಿ ಕಣ್ಣು. ಬೆಚ್ಚಗಿನ ನೀರು, ಕಡಿಮೆ ನೀರು, ತುಂಬ ಜನ. ಕ್ಲೋರಿನ್ ಬೇಗ ಮುಗಿಯುತ್ತದೆ. ಲೀಜನೆಲ್ಲ ಎಂಬ ಬ್ಯಾಕ್ಟೀರಿಯಾಕ್ಕೆ ಇದು ಪ್ರೀತಿಯ ಜಾಗ. ನೀರು ಗುಳುಗುಳು ಎದ್ದಾಗ ಬರುವ ತುಂತುರಿನ ಮೂಲಕ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ತರುತ್ತದೆ. 1994ರಲ್ಲಿ ನ್ಯೂಯಾರ್ಕ್–ಬರ್ಮುಡಾ ಮಾರ್ಗದ ಹಡಗೊಂದರಲ್ಲಿ ಹೀಗೇ 50 ಪ್ರಯಾಣಿಕರು ಕಾಯಿಲೆ ಬಿದ್ದಿದ್ದರು, ಮೂಲ ಹುಡುಕಿದಾಗ ಸಿಕ್ಕಿದ್ದು ಬಿಸಿ ಟಬ್ಬು. ಈಗ ಕ್ಲೋರಿನ್ ಅಳೆಯುವ ಯಂತ್ರ, ದಾಖಲೆ, ಫಿಲ್ಟರ್ ತೊಳೆಯುವ ಲೆಕ್ಕ ಎಲ್ಲ ಇದೆ. ಆದರೂ ನೀರು ಮಬ್ಬಾಗಿದ್ದರೆ, ಅಂಚು ಕೈಗೆ ಲೋಳೆ ಲೋಳೆ ಆದರೆ ಇಳಿಯಬೇಡಿ. ಚಿಕ್ಕ ಮಕ್ಕಳನ್ನು ಟಬ್ಬಿಗೆ ಬಿಡಲೇಬೇಡಿ. ಡೈಪರ್ ಹಾಕಿದ ಮಗುವನ್ನು ಕೊಳಕ್ಕೆ ಇಳಿಸಬೇಡಿ, ಒಂದು ಮಗುವಿನಿಂದ ಇಡೀ ಕೊಳ ಮುಚ್ಚಬೇಕಾಗುತ್ತದೆ.

ಪ್ರಶ್ನೆ: ಅಷ್ಟು ಸಾವಿರ ಜನರ ಟಾಯ್ಲೆಟ್ ನೀರು ಸಮುದ್ರಕ್ಕೇ ಹೋಗುತ್ತಾ?
– ಶಿವಮೊಗ್ಗದ ಕಾಲೇಜು ವಿದ್ಯಾರ್ಥಿ

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಹಡಗಿನಲ್ಲಿ ಶುದ್ಧೀಕರಣ ಘಟಕ ಇರುತ್ತದೆ, ಅಲ್ಲಿ ಹಾದುಬಂದ ನೀರನ್ನು ಬಿಡುತ್ತಾರೆ. ಶುದ್ಧ ಮಾಡದ್ದನ್ನು ದಡದಿಂದ 12 ನಾಟಿಕಲ್ ಮೈಲಿ ಆಚೆ, ಹಡಗು ಓಡುತ್ತಿರುವಾಗ, ನಿಧಾನವಾಗಿ ಬಿಡಲು ಹಡಗುಗಳಿಂದಾಗುವ ಮಾಲಿನ್ಯ ತಡೆಯುವ ಅಂತಾರಾಷ್ಟ್ರೀಯ ಮಾರ್ಪೋಲ್ ಒಪ್ಪಂದ ಈಗಲೂ ಅವಕಾಶ ಕೊಟ್ಟಿದೆ. ನನಗೆ ಇದು ಸರಿ ಕಾಣುವುದಿಲ್ಲ. ಪ್ಲಾಸ್ಟಿಕ್ ಮಾತ್ರ ಯಾವ ಸಮುದ್ರಕ್ಕೂ ಎಸೆಯುವಂತಿಲ್ಲ. ಕದ್ದುಮುಚ್ಚಿ ಮಾಡಿದವರಿಗೆ ದಂಡವೂ ಬಿದ್ದಿದೆ. ಪ್ರಿನ್ಸೆಸ್ ಕ್ರೂಸ್ ಕಂಪನಿಯ ಹಡಗೊಂದರಲ್ಲಿ ಎಣ್ಣೆ ಬೆರೆತ ನೀರನ್ನು ಗುಟ್ಟಾಗಿ ಪೈಪ್ ಜೋಡಿಸಿ ಸಮುದ್ರಕ್ಕೆ ಬಿಡುತ್ತಿದ್ದರು. ಕೆಲಸಕ್ಕೆ ಹೊಸದಾಗಿ ಸೇರಿದ್ದ ಇಂಜಿನಿಯರ್ 2013ರಲ್ಲಿ ಬಯಲು ಮಾಡಿದರು. 2016ರಲ್ಲಿ ಕಂಪನಿ ತಪ್ಪೊಪ್ಪಿಕೊಂಡು 4 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಆ ಇಂಜಿನಿಯರ್ ಮೇಲೆ ನನಗೆ ತುಂಬಾ ಗೌರವ.

ಕ್ಯಾಬಿನ್ ಕಮೋಡ್ ವಿಮಾನದ್ದರ ಹಾಗೆ ಗಾಳಿಯಲ್ಲಿ ಎಳೆದುಕೊಳ್ಳುತ್ತದೆ, ನೀರು ಬಹಳ ಕಮ್ಮಿ ಸಾಕು. ಕರೆಂಟು ಹೋದರೆ ಅದೂ ನಿಲ್ಲುತ್ತದೆ. 2013ರ ಫೆಬ್ರವರಿಯಲ್ಲಿ ಕಾರ್ನಿವಲ್ ಟ್ರಯಂಫ್ ಹಡಗಿನ ಇಂಜಿನ್ ಕೋಣೆಗೆ ಬೆಂಕಿ ಬಿದ್ದು, 4,000ಕ್ಕೂ ಹೆಚ್ಚು ಜನ ಮೆಕ್ಸಿಕೋ ಕೊಲ್ಲಿಯಲ್ಲಿ ಟಾಯ್ಲೆಟ್ ಇಲ್ಲದೆ ದಿನಗಟ್ಟಲೆ ಪಟ್ಟ ಪಾಡು ನೀವು ಓದಿರಬಹುದು. ಒದ್ದೆ ವೈಪ್ಸ್, ಪ್ಯಾಡ್ ಒಳಗೆ ಹಾಕಿದರೂ ಪೈಪ್ ಕಟ್ಟಿಕೊಂಡು ಸಾಲು ಸಾಲು ಕ್ಯಾಬಿನ್‌ಗಳಿಗೆ ತೊಂದರೆ.

ಪ್ರಶ್ನೆ: ಮಗ ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿ ಶಿಪ್ಪಿನ ಹೌಸ್‌ಕೀಪಿಂಗ್‌ಗೆ ಸೇರುತ್ತೇನೆ ಅನ್ನುತ್ತಾನೆ. ನೆಂಟರು "ಕಕ್ಕಸು ತೊಳೆಯಲಿಕ್ಕೆ ಅಷ್ಟು ದೂರ ಹೋಗಬೇಕಾ" ಅಂತಾರೆ. ಕಳಿಸಲಾ?
– ಬ್ರಹ್ಮಾವರದ ತಾಯಿ

ಉತ್ತರ: ಅಮ್ಮಾ, ನನ್ನ ಅಮ್ಮನಿಗೂ ಇದೇ ಮಾತು ಹೇಳಿದ್ದರು. ಹೌದು, ಕಕ್ಕಸು ತೊಳೆಯಬೇಕು. ಆದರೆ ಆ ತೊಳೆಯುವುದರಲ್ಲಿ ಏನೇನಿದೆ ಅಂತ ಹೇಳುತ್ತೇನೆ, ನೆಂಟರಿಗೂ ಓದಿಸಿ.

ಹಡಗಿನಲ್ಲಿ ಮೂರು ಬಕೆಟ್ ಇರುತ್ತವೆ. ಕೆಂಪು, ಬೂದು, ಬಿಳಿ. ಕೆಂಪರಲ್ಲಿ ಸೋಪಿನ ನೀರು, ಬೂದು ಬಣ್ಣದ್ದರಲ್ಲಿ ಬರೀ ನೀರು, ಬಿಳಿಯದರಲ್ಲಿ ಕ್ಲೋರಿನ್. ತೊಳೆ, ಜಾಲಾಡು, ಕ್ರಿಮಿ ಕೊಲ್ಲು. ಕ್ರಮ ತಪ್ಪುವಂತಿಲ್ಲ, ಯಾಕೆಂದರೆ ಜಿಡ್ಡಿನ ಮೇಲೆ ಕ್ಲೋರಿನ್ ಹಾಕಿದರೆ ಅದು ಜಿಡ್ಡಿನಲ್ಲೇ ಸತ್ತುಹೋಗುತ್ತದೆ. ಕಾಯಿಲೆಯವರ ಕ್ಯಾಬಿನ್ ಆದರೆ ಮೈತುಂಬ ಗೌನ್, ಮಾಸ್ಕ್, ಕೈಗವಸು. ಬೆಡ್‌ಶೀಟನ್ನು ಕೊಡವದೆ ಒಳಮುಖವಾಗಿ ಸುತ್ತಿ, ನೀರಲ್ಲಿ ಕರಗುವ ಕೆಂಪು ಚೀಲಕ್ಕೆ ಹಾಕಬೇಕು. ಚೀಲ ಸಮೇತ ವಾಷಿಂಗ್ ಮೆಷಿನ್‌ಗೆ. ಆಮೇಲೆ ಬಾಗಿಲ ಹಿಡಿ, ಸ್ವಿಚ್ಚು, ಟಿವಿ ರಿಮೋಟ್, ಫೋನು, ಫ್ಲಶ್ ಗುಂಡಿ, ಕುರ್ಚಿಯ ಕೈ. ಔಷಧಿ ಒರೆಸಿ ಒದ್ದೆಯಾಗಿಯೇ ಬಿಡಬೇಕು. ಡಬ್ಬಿಯ ಮೇಲೆ ಬರೆದಷ್ಟು ನಿಮಿಷ ಅದು ಆರಬಾರದು. ಹೊಸ ಹುಡುಗರು ಹಚ್ಚಿದ ತಕ್ಷಣ ಹೊಳೆಯಲಿ ಅಂತ ಉಜ್ಜಿಬಿಡುತ್ತಾರೆ. ಹೊಳೆಯುತ್ತದೆ, ವೈರಸ್ ಮಾತ್ರ ಅಲ್ಲೇ ಇರುತ್ತದೆ. ಆ ನಿಮಿಷಗಳನ್ನು ಸುಮ್ಮನೆ ನಿಂತು ಕಾಯುವುದನ್ನು ಕಲಿಸಲು ನನಗೆ ವಾರಗಟ್ಟಲೆ ಬೇಕಾಗುತ್ತಿತ್ತು.

ಕೆಲಸ ಕಷ್ಟದ್ದೇ. ಆರೆಂಟು ತಿಂಗಳ ಕಾಂಟ್ರಾಕ್ಟ್, ವಾರದ ರಜೆ ಅನ್ನೋದೇ ಇರುವುದಿಲ್ಲ. ಹಳಬರು ಇಳಿದು ಹೊಸ ಪ್ರಯಾಣಿಕರು ಹತ್ತುವ ದಿನ ಅಂತೂ ಬೆಳಗ್ಗೆಯಿಂದ ಮಧ್ಯಾಹ್ನದೊಳಗೆ ಎಲ್ಲ ಕ್ಯಾಬಿನ್ ಹೊಸದಾಗಬೇಕು, ಊಟ ನಿಂತಲ್ಲೇ. ದಿನದ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕು ಅಂತ ನಾವಿಕರ ಕಾರ್ಮಿಕ ಒಪ್ಪಂದದಲ್ಲಿದೆ. ಮಗನಿಗೆ ಈ ಎರಡು ಸಂಖ್ಯೆ ಬಾಯಿಪಾಠ ಇರಲಿ. ಜ್ವರ, ಭೇದಿ ಬಂದರೆ ಸಂಬಳ ಹೋದೀತು ಅಂತ ಮುಚ್ಚಿಡದೆ ಹೇಳಲಿ.

ಏಜೆಂಟ್ ಬಗ್ಗೆ ಎಚ್ಚರ ಬೇಕು. ಕೇಂದ್ರ ಸರ್ಕಾರದ ಹಡಗು ಇಲಾಖೆ ಡಿಜಿ ಶಿಪ್ಪಿಂಗ್ ಕೊಟ್ಟ ಆರ್‌ಪಿಎಸ್‌ಎಲ್, ಅಂದರೆ ಹಡಗಿನ ಕೆಲಸಕ್ಕೆ ಜನ ಸೇರಿಸುವ ಲೈಸೆನ್ಸ್, ಇದೆಯಾ ಅಂತ ಆ ಇಲಾಖೆಯ ವೆಬ್‌ಸೈಟಿನಲ್ಲಿ ನೋಡಿ. ಕೆಲಸ ಕೊಡಿಸಲು ದುಡ್ಡು ಕೇಳುವುದು ಕಾನೂನಿಗೆ ವಿರುದ್ಧ. ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ.

ಎಲ್ಲ ಸರಿಯಿದ್ದರೆ ಕಳಿಸಿ ಅಮ್ಮಾ. ಜಾರದ ಅಡಿಯ ಎರಡು ಜೊತೆ ಒಳ್ಳೆ ಶೂ ಕೊಡಿಸಿ. ಬ್ಯಾಗಿನಲ್ಲಿ ಒಂದು ಡಬ್ಬಿ ತೆಂಗಿನೆಣ್ಣೆ ಇಡಿ, ಚೆಲ್ಲದ ಹಾಗೆ ಮುಚ್ಚಳಕ್ಕೆ ಟೇಪ್ ಸುತ್ತಿ. ಕ್ಲೋರಿನ್ ನೀರಿಗೆ ಮೊದಲ ತಿಂಗಳು ಬೆರಳ ಸಂದಿಯೆಲ್ಲ ಬಿರಿಯುತ್ತದೆ. ರಾತ್ರಿ ಮಲಗುವಾಗ ಹಚ್ಚಿಕೊಳ್ಳಲಿ.